ಮನೆಯ ನಲ್ಲಿ ನೀರಿನಲ್ಲಿ ಪ್ಲಾಸ್ಟಿಕ್ಕಿನ ರಾಸಾಯನಿಕಗಳಿವೆಯೇ? ಪರೀಕ್ಷೆ ಮಾಡಿಸುವ ಸರಿಯಾದ ಕ್ರಮ ಯಾವುದು?

ಪ್ರಶ್ನೆ: ಸಂಪಿನಕಾವಲು

ಎಲ್ಲರಿಗೂ ನಮಸ್ಕಾರ. ದಕ್ಷಿಣ ಬೆಂಗಳೂರಿನಲ್ಲಿ 84 ಮನೆಗಳಿರುವ ಒಂದು ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿ. ನಮಗೆ ದಿನ ಬಿಟ್ಟು ದಿನ ಕಾವೇರಿ ನೀರು ಬರುತ್ತದೆ. ಅದು ನೆಲದಡಿಯ ಸಂಪಿಗೆ ಬಿದ್ದು, ಸಾಲದ ದಿನಗಳಲ್ಲಿ ಕೊಳವೆಬಾವಿಯ ಇಲ್ಲವೇ ಟ್ಯಾಂಕರಿನ ನೀರಿನೊಡನೆ ಬೆರೆತು, ತಾರಸಿಯ ಮೇಲಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕುಗಳಿಗೆ ಏರಿ, ಅಲ್ಲಿಂದ ಪೈಪುಗಳಲ್ಲಿ ಅಡುಗೆಮನೆಗಳಿಗೆ ಇಳಿಯುತ್ತದೆ. ಕಳೆದ ಏಪ್ರಿಲ್‌ನಲ್ಲಿ ಮೇಲಿನ ಎರಡು ಮಹಡಿಗಳವರು, ಮಧ್ಯಾಹ್ನದ ಹೊತ್ತು ನಲ್ಲಿ ತಿರುಗಿಸಿದರೆ ಬರುವ ಬೆಚ್ಚನೆಯ ನೀರಿಗೆ ಹೊಸ ಬಕೆಟ್ಟಿನಂಥ ವಾಸನೆ ಇದೆಯೆಂದು ದೂರಿದರು. ಗರ್ಭಿಣಿಯಾಗಿರುವ ನಿವಾಸಿಯೊಬ್ಬರು, ಪ್ಲಾಸ್ಟಿಕ್ಕಿನಿಂದ ನೀರಿಗಿಳಿಯುವ ಕೆಲವು ರಾಸಾಯನಿಕಗಳು ಹಾರ್ಮೋನುಗಳ ಕೆಲಸವನ್ನು ಕೆಡಿಸುತ್ತವೆ ಎಂದು ಓದಿ, ಸಂಘವೇ ಪರೀಕ್ಷೆ ಮಾಡಿಸಬೇಕೆಂದು ಬರೆದು ಕೊಟ್ಟರು. ಅದು ನ್ಯಾಯವಾದ ಕೋರಿಕೆಯೆಂದೇ ನನಗೂ ಅನ್ನಿಸಿತು.

ನಾವು ಮಾಡಿದ್ದು ಇಷ್ಟು. ಖಾಲಿಯಾದ ಮಿನರಲ್ ವಾಟರ್ ಬಾಟಲಿಯನ್ನು ಚೆನ್ನಾಗಿ ತೊಳೆದು, ಅದರಲ್ಲಿ ನಲ್ಲಿಯ ನೀರನ್ನು ತುಂಬಿ ಒಂದು ಖಾಸಗಿ ಪ್ರಯೋಗಾಲಯಕ್ಕೆ ಕೊಟ್ಟೆವು. ಮೂವತ್ತಕ್ಕೂ ಹೆಚ್ಚು ಅಂಶಗಳ ವರದಿ ಬಂತು. ಎಲ್ಲವೂ ಮಿತಿಯೊಳಗಿವೆ ಎಂದಿತ್ತು. ಪ್ಲಾಸ್ಟಿಕ್ಕಿನಿಂದ ಇಳಿಯುವ ರಾಸಾಯನಿಕಗಳಾದ ಬಿಸ್ಫಿನಾಲ್-ಎ, ಥ್ಯಾಲೇಟ್ ಎಂಬ ಹೆಸರುಗಳು ಅದರಲ್ಲಿ ಎಲ್ಲೂ ಇರಲಿಲ್ಲ. ವಿಚಾರಿಸಿದಾಗ, ‘ಫಿನಾಲಿಕ್ ಸಂಯುಕ್ತಗಳು ಪತ್ತೆಯಾಗಿಲ್ಲ ಎಂದು ಬರೆದಿದ್ದೇವಲ್ಲ, ಬಿಸ್ಫಿನಾಲ್ ಕೂಡ ಅದರಲ್ಲೇ ಬಂತು’ ಎಂಬ ಉತ್ತರ ಸಿಕ್ಕಿತು. ಸಮಾಧಾನವಾಗದೆ ಇನ್ನೊಂದು ಪ್ರಯೋಗಾಲಯಕ್ಕೆ ಅಂಥದೇ ಬಾಟಲಿಯಲ್ಲಿ ನೀರು ಕಳಿಸಿದೆವು. ಅವರ ವರದಿಯ ಪ್ರಕಾರ ಬಿಸ್ಫಿನಾಲ್-ಎ ಇಲ್ಲ. ಆದರೆ ಡಿಇಎಚ್‌ಪಿ ಎಂಬ ಥ್ಯಾಲೇಟ್ ಲೀಟರಿಗೆ 11 ಮೈಕ್ರೋಗ್ರಾಂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮೌಲ್ಯ 8 ಮೈಕ್ರೋಗ್ರಾಂ ಎಂದು ಯಾರೋ ಹುಡುಕಿ ವಾಟ್ಸಾಪ್ ಗುಂಪಿಗೆ ಹಾಕಿದ ಮೇಲೆ ಅರ್ಧಕ್ಕರ್ಧ ಜನ ಕ್ಯಾನ್ ನೀರು ತರಿಸತೊಡಗಿದ್ದಾರೆ.

ಈ 11 ಎಂಬ ಅಂಕಿಯನ್ನು ನಾವು ನಂಬಬೇಕೇ? ನಂಬಲಾಗದಿದ್ದರೆ, ನಂಬಬಹುದಾದ ಪರೀಕ್ಷೆಯನ್ನು ಮಾಡಿಸುವುದು ಹೇಗೆ, ಎಲ್ಲೆಲ್ಲಿಂದ ನೀರು ತೆಗೆಯಬೇಕು? ಬಲ್ಲವರು ದಯವಿಟ್ಟು ತಿಳಿಸಿ. ಸಂಘದ ಹಣ ಮಿತವಾಗಿದೆ ಎಂಬುದನ್ನೂ ಗಮನದಲ್ಲಿಡಿ.

ಉತ್ತರ: ಗಾಜಿನಶೀಶೆ

ಕಾರ್ಯದರ್ಶಿಯವರಿಗೆ ನಮಸ್ಕಾರ. ನೀರಿನ ಪ್ರಯೋಗಾಲಯವೊಂದರ ಉಪಕರಣ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತಳಾದವಳು ನಾನು. ನಿಮ್ಮ ಮೊದಲನೆಯ ವರದಿ ನಿಮ್ಮ ಪ್ರಶ್ನೆಗೆ ಉತ್ತರವೇ ಅಲ್ಲ. ಎರಡನೆಯದು ಉತ್ತರದಂತೆ ಕಾಣುತ್ತದೆ; ಆದರೆ ಅದು ನಿಮ್ಮ ನೀರಿನ ಸಂಗತಿಯನ್ನು ಹೇಳುತ್ತಿದೆಯೋ ನಿಮ್ಮ ಬಾಟಲಿಯ ಸಂಗತಿಯನ್ನೋ ಎಂಬುದನ್ನು ಈಗ ಯಾರೂ ಬಿಡಿಸಿ ಹೇಳಲಾರರು.

ಮೊದಲನೆಯ ವರದಿಯಿಂದ ಆರಂಭಿಸುತ್ತೇನೆ. ನಮ್ಮ ದೇಶದ ಕುಡಿಯುವ ನೀರಿನ ಮಾನಕ ಐಎಸ್ 10500, 2012ರ ಪರಿಷ್ಕರಣೆಯದು. ಪ್ರಯೋಗಾಲಯಗಳು ‘ಪೂರ್ಣ ಪರೀಕ್ಷೆ’ ಎಂದು ಕರೆಯುವುದು ಈ ಮಾನಕದ ಪಟ್ಟಿಯನ್ನೇ. ಅದರಲ್ಲಿ ಸೀಸವಿದೆ, ನೈಟ್ರೇಟ್ ಇದೆ, ಕೀಟನಾಶಕಗಳಿವೆ, ಕ್ಲೋರಿನ್ನಿನಿಂದ ಹುಟ್ಟುವ ಟ್ರೈಹ್ಯಾಲೋಮೀಥೇನುಗಳೂ ಇವೆ. ಬಿಸ್ಫಿನಾಲ್-ಎ ಇಲ್ಲ, ಥ್ಯಾಲೇಟ್‌ಗಳಿಲ್ಲ. ಆದ್ದರಿಂದ ‘ಐಎಸ್ 10500ರ ಪ್ರಕಾರ ಪರೀಕ್ಷಿಸಿ’ ಎಂದು ಕೇಳಿದವರಿಗೆ ಪ್ಲಾಸ್ಟಿಕ್ಕಿನ ಬಗ್ಗೆ ಒಂದಕ್ಷರವೂ ಸಿಗುವುದಿಲ್ಲ. ಅದಕ್ಕಾಗಿ ಪ್ರಯೋಗಾಲಯವನ್ನು ದೂರುವಂತೆಯೂ ಇಲ್ಲ. ಆದರೆ ಫಿನಾಲಿಕ್ ಸಂಯುಕ್ತಗಳ ಸಾಲಿನಲ್ಲಿ ಬಿಸ್ಫಿನಾಲೂ ಅಡಗಿದೆ ಎಂದು ಅವರು ಹೇಳಿದ್ದು ಮಾತ್ರ ತಪ್ಪು. ಆ ಸಾಲಿನ ಪರೀಕ್ಷೆಯನ್ನು ಸಾಮಾನ್ಯವಾಗಿ 4-ಅಮಿನೋಆಂಟಿಪೈರೀನ್ ಎಂಬ ಕಾರಕದಿಂದ ಬಣ್ಣ ಬರಿಸಿ ಮಾಡುತ್ತಾರೆ. ಫಿನಾಲಿನ ಉಂಗುರದಲ್ಲಿ ಹೈಡ್ರಾಕ್ಸಿಲಿಗೆ ನೇರ ಎದುರಿಗಿರುವ ಸ್ಥಾನವನ್ನು ಇಂಗಾಲದ ಗುಂಪೊಂದು ಹಿಡಿದುಕೊಂಡಿದ್ದರೆ ಈ ಕಾರಕ ಅಲ್ಲಿ ಹತ್ತಲಾರದು, ಬಣ್ಣವೂ ಬಾರದು. ಬಿಸ್ಫಿನಾಲ್-ಎ ಅಣುವಿನ ರಚನೆ ಸರಿಯಾಗಿ ಅಂಥದೇ. ನೀರಿನಲ್ಲಿ ಅದು ಧಾರಾಳವಾಗಿದ್ದರೂ ಆ ಸಾಲು ‘ಪತ್ತೆಯಾಗಿಲ್ಲ’ ಎಂದೇ ಹೇಳೀತು.

ಇನ್ನು 11 ಮೈಕ್ರೋಗ್ರಾಂ. ಡಿಇಎಚ್‌ಪಿಯಷ್ಟು ಪ್ರಯೋಗಾಲಯದವರನ್ನು ಕಾಡಿದ ರಾಸಾಯನಿಕ ಇನ್ನೊಂದಿಲ್ಲ ಎಂದರೆ ತಪ್ಪಾಗಲಾರದು. ಮೆದು ಪಿವಿಸಿಯನ್ನು ಮೆದುವಾಗಿಸುವುದೇ ಇದು: ಕೈಗವಸು, ಪಂಪಿನ ಟ್ಯೂಬು, ನೆಲಹಾಸು, ವಿದ್ಯುತ್ ತಂತಿಯ ಹೊದಿಕೆ, ಎಲ್ಲೆಡೆ ಇರುತ್ತದೆ, ಕೋಣೆಯ ಧೂಳಿನಲ್ಲೂ ಇರುತ್ತದೆ. ಶುದ್ಧ ನೀರನ್ನೇ ಉಪಕರಣಕ್ಕೆ ಕೊಟ್ಟಾಗಲೂ ಅದರ ಗೆರೆಚಿತ್ರದಲ್ಲಿ ಡಿಇಎಚ್‌ಪಿ ಇದೆಯೆಂದು ತೋರಿಸುವ ಶಿಖರ ಮೇಲೆದ್ದುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಇದನ್ನು ಬಲ್ಲ ಪ್ರಯೋಗಾಲಯ ಪ್ರತಿ ಕಂತಿನ ಮಾದರಿಗಳೊಡನೆ ಒಂದು ಖಾಲಿ ಮಾದರಿಯನ್ನು, ಎಂದರೆ ಏನೂ ಇಲ್ಲವೆಂದು ಗೊತ್ತಿರುವ ನೀರನ್ನು, ಅದೇ ಹಾದಿಯಲ್ಲಿ ಓಡಿಸಿ ಅದರ ಅಂಕಿಯನ್ನೂ ವರದಿಯಲ್ಲಿ ಕೊಡುತ್ತದೆ. ನಿಮ್ಮ ವರದಿಯಲ್ಲಿ ಆ ಅಂಕಿ ಇದೆಯೇ ನೋಡಿ. ಇಲ್ಲದಿದ್ದರೆ ಆ 11ರಲ್ಲಿ ನೀರಿನ ಪಾಲು ಎಷ್ಟು, ಬಾಟಲಿಯ ಮುಚ್ಚಳದ ಪಾಲು ಎಷ್ಟು, ಅವರ ಕೋಣೆಯ ಪಾಲು ಎಷ್ಟು ಎಂದು ತಿಳಿಯುವ ದಾರಿಯೇ ಇಲ್ಲ. ‘ಬಿಸ್ಫಿನಾಲ್-ಎ ಇಲ್ಲ’ ಎಂಬುದನ್ನೂ ನಂಬುವಂತಿಲ್ಲ. ನಗರದ ನೀರಿನಲ್ಲಿ ಉಳಿದಿರುವ ಕ್ಲೋರಿನ್ ಬಿಸ್ಫಿನಾಲಿನೊಡನೆ ಬೇಗ ವರ್ತಿಸಿ ಅದನ್ನು ಕ್ಲೋರಿನ್ ಸೇರಿದ ಬೇರೆ ಸಂಯುಕ್ತಗಳಾಗಿ ಮಾರ್ಪಡಿಸುತ್ತದೆ. ನೀರು ತುಂಬಿದ ಕ್ಷಣದಲ್ಲೇ ಕ್ಲೋರಿನ್ನನ್ನು ತಡೆಯದೆ ಹೋದರೆ, ನಲ್ಲಿಯಲ್ಲಿದ್ದದ್ದು ಪ್ರಯೋಗಾಲಯ ತಲುಪುವ ಹೊತ್ತಿಗೆ ಇಲ್ಲವಾಗಿರಬಹುದು.

ಹಾಗಾದರೆ ಮಾಡಬೇಕಾದದ್ದೇನು? ಪ್ರಯೋಗಾಲಯವನ್ನು ಹುಡುಕುವಾಗ ‘ಪ್ಲಾಸ್ಟಿಕ್ ಪರೀಕ್ಷೆ ಮಾಡುತ್ತೀರಾ’ ಎಂದು ಕೇಳಬೇಡಿ. ಹೌದು ಎಂದೇ ಎಲ್ಲರೂ ಹೇಳುತ್ತಾರೆ. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್‌ನಿಂದ ಮಾನ್ಯತೆ ಪಡೆದ ಪ್ರತಿಯೊಂದು ಪ್ರಯೋಗಾಲಯಕ್ಕೂ ಅದು ಯಾವ ವಸ್ತುವಿನಲ್ಲಿ, ಯಾವ ಅಂಶವನ್ನು, ಯಾವ ವಿಧಾನದಿಂದ ಅಳೆಯಲು ಮಾನ್ಯತೆ ಹೊಂದಿದೆ ಎಂಬ ವ್ಯಾಪ್ತಿಪಟ್ಟಿ ಇರುತ್ತದೆ, ಮತ್ತು ಅದು ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಆಟಿಕೆಗಳಲ್ಲಿ ಥ್ಯಾಲೇಟ್ ಅಳೆಯಲು ಮಾನ್ಯತೆ ಇದ್ದ ಮಾತ್ರಕ್ಕೆ ಕುಡಿಯುವ ನೀರಿನಲ್ಲಿ ಅಳೆಯಲು ಮಾನ್ಯತೆ ಇದೆಯೆಂದಲ್ಲ. ಆಟಿಕೆಯಲ್ಲಿ ಹುಡುಕುವುದು ಶೇಕಡಾ ಲೆಕ್ಕದಲ್ಲಿ. ನೀರಿನಲ್ಲಿ ನೂರು ಕೋಟಿಯಲ್ಲಿ ಕೆಲವೇ ಭಾಗಗಳನ್ನು.

ಆಮೇಲೆ ಕೇಳಬೇಕಾದ ಪ್ರಶ್ನೆ, ‘ನೀವು ನಿಖರವಾಗಿ ಅಳೆಯಬಲ್ಲ ಕನಿಷ್ಠ ಪ್ರಮಾಣ ಎಷ್ಟು?’ ಎಂಬುದು. ಡಿಇಎಚ್‌ಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮೌಲ್ಯ 8 ಮೈಕ್ರೋಗ್ರಾಂ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮಿತಿ 6. ಕನಿಷ್ಠ ಪ್ರಮಾಣವೇ 10 ಮೈಕ್ರೋಗ್ರಾಂ ಆಗಿರುವ ಪ್ರಯೋಗಾಲಯ ‘ಪತ್ತೆಯಾಗಿಲ್ಲ’ ಎಂದು ಬರೆದುಕೊಟ್ಟರೆ ಆ ಕಾಗದದಿಂದ ನಿಮಗೆ ತಿಳಿಯುವುದು ಏನೂ ಇಲ್ಲ. ಯುರೋಪಿನ ಕುಡಿಯುವ ನೀರಿನ ನಿರ್ದೇಶನದಲ್ಲಿ ಅಳೆಯಬಲ್ಲ ಕನಿಷ್ಠ ಪ್ರಮಾಣವು ಮಿತಿಯ ಶೇಕಡಾ 30ನ್ನು ಮೀರಬಾರದೆಂಬ ನಿಯಮವಿದೆ. ನಾವೂ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಡಿಇಎಚ್‌ಪಿಗೆ ಸುಮಾರು 2 ಮೈಕ್ರೋಗ್ರಾಂ, ಬಿಸ್ಫಿನಾಲ್-ಎಗೆ 0.75 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇರಲಿ.

ನೀರು ತೆಗೆಯುವ ಕ್ರಮವೇ ಅರ್ಧ ಪರೀಕ್ಷೆ. ಬಾಟಲಿಯನ್ನು ಪ್ರಯೋಗಾಲಯವೇ ಕೊಡಬೇಕು. ಥ್ಯಾಲೇಟ್‌ಗಳಿಗೆ ದ್ರಾವಕದಿಂದ ತೊಳೆದ ಕಂದು ಗಾಜಿನ ಬಾಟಲಿ, ಒಳಗೆ ಟೆಫ್ಲಾನ್ ಪದರವಿರುವ ಮುಚ್ಚಳ. ಕ್ಲೋರಿನ್ ತಡೆಯುವ ಥಯೋಸಲ್ಫೇಟನ್ನೋ ಅವರ ವಿಧಾನ ಹೇಳುವ ಇನ್ನೊಂದನ್ನೋ ಮೊದಲೇ ಅದರೊಳಗೆ ಹಾಕಿರುತ್ತಾರೆ. ನಮ್ಮವರಿಗೆ ಪಾತ್ರೆಯನ್ನು ಗಲಬರಿಸದೆ ನೀರು ತುಂಬಿ ಅಭ್ಯಾಸವಿಲ್ಲ. ಇಲ್ಲಿ ಗಲಬರಿಸಿದರೆ ಒಳಗಿನ ಪುಡಿಯೇ ಚೆಲ್ಲಿಹೋಗುತ್ತದೆ. ನಲ್ಲಿಯ ಬಾಯಿಗೆ ಸಿಕ್ಕಿಸಿದ ಜಾಲರಿ, ಪ್ಲಾಸ್ಟಿಕ್ ತುಂಡು, ಬಟ್ಟೆಯ ಚೀಲ ಎಲ್ಲವನ್ನೂ ತೆಗೆಯಿರಿ. ಕೈಗೆ ಕ್ರೀಮು ಬೇಡ. ಪಿವಿಸಿ ಕೈಗವಸು ಬೇಡ, ನೈಟ್ರೈಲ್ ಆದರೆ ಸರಿ. ತುಂಬಿದ ಬಾಟಲಿಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಅಂದೇ ತಲುಪಿಸಿ. ಇದರೊಡನೆ ಪ್ರಯೋಗಾಲಯದಿಂದ ಅತಿಶುದ್ಧ ನೀರು ತುಂಬಿದ ಒಂದು ಗಾಜಿನ ಬಾಟಲಿಯನ್ನೂ ಒಂದು ಖಾಲಿ ಬಾಟಲಿಯನ್ನೂ ತರಿಸಿಕೊಂಡು, ನಿಮ್ಮ ಅಡುಗೆಮನೆಯಲ್ಲೇ, ಆ ನಲ್ಲಿಯ ಪಕ್ಕದಲ್ಲೇ ನಿಂತು, ಒಂದರಿಂದ ಇನ್ನೊಂದಕ್ಕೆ ಸುರಿದು ಮುಚ್ಚಿ, ಉಳಿದವುಗಳೊಡನೆ ಕಳಿಸಿ. ಇದು ಕ್ಷೇತ್ರದ ಖಾಲಿ ಮಾದರಿ. ಅದರಲ್ಲೂ ಡಿಇಎಚ್‌ಪಿ ಬಂದರೆ ನಲ್ಲಿಯ ಅಂಕಿಯನ್ನು ಪಕ್ಕಕ್ಕಿಡಿ. ಹಣ ಉಳಿಸಲು ಯಾವ ಬಾಟಲಿಯನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಪಿಎಫ್‌ಎಎಸ್ ಎಂಬ, ಪರಿಸರದಲ್ಲಿ ಸುಲಭವಾಗಿ ಒಡೆಯದ ಫ್ಲೋರಿನ್ ಸಂಯುಕ್ತಗಳನ್ನೂ ನೋಡಬೇಕೆಂದು ಯಾರಾದರೂ ಕೇಳಿದರೆ ಅದಕ್ಕೆ ಬೇರೆಯೇ ಬಾಟಲಿ ಬೇಕು. ಅಲ್ಲಿ ಎಲ್ಲವೂ ತಿರುಗುಮುರುಗು: ಬಾಟಲಿ ಪಾಲಿಪ್ರೊಪಿಲೀನಿನದಾಗಿರಬೇಕು, ಟೆಫ್ಲಾನ್ ಹತ್ತಿರವೂ ಸುಳಿಯಬಾರದು. ಅಮೆರಿಕ 2024ರಲ್ಲಿ ಅವುಗಳ ಪೈಕಿ ಎರಡಕ್ಕೆ ಲೀಟರಿಗೆ 4 ನ್ಯಾನೋಗ್ರಾಂ ಎಂಬ ಮಿತಿ ಹಾಕಿತು. ಅದು ದುಬಾರಿ ಪರೀಕ್ಷೆ. ನಿಮ್ಮ ವಾಸನೆಯ ದೂರಿಗೂ ಅದಕ್ಕೂ ಸಂಬಂಧವಿಲ್ಲ.

ಉತ್ತರ: ಪೈಪುಮೇಸ್ತ್ರಿ

ಗಾಜಿನಶೀಶೆ ಮೇಡಂ ಅವರು ಬಾಟಲಿಯ ಕಡೆಯಿಂದ ಹೇಳಿದ್ದಾರೆ. ನಾನು ಕಟ್ಟಡದ ಕಡೆಯಿಂದ ಹೇಳುತ್ತೇನೆ. ಕಟ್ಟಡಗಳ ನೀರಿನ ವ್ಯವಸ್ಥೆಯ ವಿನ್ಯಾಸ ನನ್ನ ಉದ್ಯೋಗ.

ಕಾವೇರಿ ನೀರನ್ನು ಶುದ್ಧೀಕರಿಸುವ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ನೀರನ್ನು ಹೊತ್ತು ತರುವ ದೊಡ್ಡ ಕೊಳವೆಗಳು ಉಕ್ಕಿನವು. ಪ್ಲಾಸ್ಟಿಕ್ಕಿನೊಡನೆ ನೀರಿನ ಒಡನಾಟ ಹೆಚ್ಚಾಗುವುದು ನಿಮ್ಮ ಆವರಣದೊಳಗೆ ಬಂದ ಮೇಲೆಯೇ. ಅಲ್ಲಿಯೂ ಎಲ್ಲ ಪ್ಲಾಸ್ಟಿಕ್ ಒಂದೇ ಅಲ್ಲ. ಗಟ್ಟಿಯಾದ ಯುಪಿವಿಸಿ, ಸಿಪಿವಿಸಿ ಪೈಪುಗಳಲ್ಲಿ ಮೆದುಗೊಳಿಸುವ ಥ್ಯಾಲೇಟ್ ಇರುವುದಿಲ್ಲ; ಯುಪಿವಿಸಿ ಎಂಬ ಹೆಸರಿನ ಮೊದಲ ಅಕ್ಷರದ ಅರ್ಥವೇ ಅದು. ತಾರಸಿಯ ಟ್ಯಾಂಕು ಪಾಲಿಎಥಿಲೀನ್. ಅದಕ್ಕೂ ಥ್ಯಾಲೇಟ್ ಬೇಕಿಲ್ಲ. ಥ್ಯಾಲೇಟ್ ನಿಜವಾಗಿ ಇರಬಹುದಾದದ್ದು ಮೆತ್ತಗೆ ಬಾಗುವ ಕೊಳವೆಗಳಲ್ಲಿ: ಟ್ಯಾಂಕರಿನಿಂದ ಸಂಪಿಗೆ ನೀರಿಳಿಸುವ ದಪ್ಪ ಹೋಸ್ ಪೈಪು, ತೋಟದ ಪೈಪು, ಸಿಂಕಿನಡಿಯ ಅಗ್ಗದ ಪಾರದರ್ಶಕ ಟ್ಯೂಬು. ಬಿಸಿಲಲ್ಲಿ ಬಿದ್ದಿದ್ದ ಹೋಸಿನಲ್ಲಿ ನಿಂತ ಮೊದಲ ನೀರು ನೇರವಾಗಿ ಸಂಪಿಗೆ ಹೋಗುತ್ತಿದೆಯೇ ಎಂದು ಒಮ್ಮೆ ನಿಂತು ನೋಡಿ.

ಹೊಸ ಬಕೆಟ್ಟಿನ ವಾಸನೆಯ ಮೂಲ ಬಹುಶಃ ಬೇರೆ. ಪಾಲಿಎಥಿಲೀನ್ ಬೇಗ ಹಳಸದಿರಲೆಂದು ಅದರಲ್ಲಿ ಉತ್ಕರ್ಷಣ ನಿರೋಧಕಗಳನ್ನು ಸೇರಿಸಿರುತ್ತಾರೆ. ಅವು ಒಡೆದು ಹುಟ್ಟುವ ಫಿನಾಲ್ ಜಾತಿಯ ಸಂಯುಕ್ತಗಳು, ಅದರಲ್ಲೂ 2,4-ಡೈ-ಟರ್ಷಿಯರಿ-ಬ್ಯುಟೈಲ್‌ಫಿನಾಲ್, ನೀರಿಗೆ ಇಳಿಯುವುದು ಚೆನ್ನಾಗಿ ಗೊತ್ತಿರುವ ಸಂಗತಿ. ಟ್ಯಾಂಕು ಹೊಸದಾಗಿದ್ದರೆ, ನೀರು ಬಿಸಿಯಾಗಿ ನಿಂತಿದ್ದರೆ, ವಾಸನೆ ಹೆಚ್ಚು. ಟ್ಯಾಂಕುಗಳ ಮೇಲೆ ನೆರಳು ಹಾಕಿಸಿ, ದಿನಕ್ಕೆ ಎರಡು ಸಲ ನೀರು ಬದಲಾಗುವಂತೆ ಪಂಪಿನ ವೇಳೆಯನ್ನು ಹೊಂದಿಸಿ ನೋಡಿ. ಇದಕ್ಕೆ ವರದಿಗಾಗಿ ಕಾಯಬೇಕಾಗಿಲ್ಲ.

ನಿಮ್ಮ ಪಟ್ಟಿಗೆ ನಾನು ಒಂದನ್ನು ಸೇರಿಸುತ್ತೇನೆ: ಸೀಸ. ಪಿವಿಸಿಯನ್ನು ಅಚ್ಚಿಗೆ ಹಾಕುವಾಗ ಶಾಖಕ್ಕೆ ಕೆಡದಿರಲೆಂದು ಸ್ಥಿರಕಾರಿಯೊಂದನ್ನು ಬೆರೆಸಬೇಕಾಗುತ್ತದೆ, ಮತ್ತು ನಮ್ಮಲ್ಲಿ ಬಹಳ ಕಾಲ ಅದು ಸೀಸದ ಲವಣವಾಗಿತ್ತು. ಪಿವಿಸಿ ಪೈಪು ಮತ್ತು ಜೋಡಣೆಗಳಲ್ಲಿ ಸೀಸದ ಸ್ಥಿರಕಾರಿಯನ್ನು ನಿಯಂತ್ರಿಸುವ ಕೇಂದ್ರದ ನಿಯಮಗಳು ಬಂದದ್ದು 2021ರಲ್ಲಿ. ಕಟ್ಟಡ ಅದಕ್ಕಿಂತ ಹಳೆಯದಾಗಿದ್ದರೆ, ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರನ್ನು ಬೆಳಿಗ್ಗೆ ಮೊದಲು ತೆಗೆದು ಸೀಸಕ್ಕೆ ಪರೀಕ್ಷಿಸಿ. ಪ್ಲಾಸ್ಟಿಕ್ಕಿನಿಂದ ಬರುವ ಕಲ್ಮಷ ಎಂದರೆ ಬಿಸ್ಫಿನಾಲ್ ಒಂದೇ ಎಂದು ಎಲ್ಲರೂ ತಿಳಿದಿದ್ದಾರೆ. ಐಎಸ್ 10500ರಲ್ಲಿ ಮಿತಿಯಿರುವ, ಅಗ್ಗವಾಗಿ ಅಳೆಯಬಹುದಾದ, ಮಕ್ಕಳಿಗೆ ನಿಶ್ಚಿತವಾಗಿ ಹಾನಿ ಮಾಡುವ ಇದನ್ನು ಯಾರೂ ಕೇಳುವುದಿಲ್ಲ.

ಉತ್ತರ: ವಾರ್ಡುಸುತ್ತು

ನಾನು ವೈದ್ಯ. ಇಷ್ಟೆಲ್ಲ ಓದಿದ ಮೇಲೆ ಒಂದು ಆಕ್ಷೇಪವನ್ನು ದಾಖಲಿಸಬೇಕೆನ್ನಿಸುತ್ತದೆ. ಕೊಳವೆಬಾವಿ, ಟ್ಯಾಂಕರ್, ಸಂಪು ಮೂರೂ ಇರುವ ಕಟ್ಟಡದಲ್ಲಿ ನೀರಿನಿಂದ ಜನ ಕಾಯಿಲೆ ಬೀಳುವುದು ಒಳಚರಂಡಿಯ ಸೋರಿಕೆಯಿಂದ, ಥ್ಯಾಲೇಟಿನಿಂದಲ್ಲ. 100 ಮಿಲಿಲೀಟರ್ ನೀರಿನಲ್ಲಿ ಇ. ಕೊಲೈ ಒಂದೂ ಇರಕೂಡದು. ಕೊನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಗರ್ಭಿಣಿಯರ ಮತ್ತು ಶಿಶುಗಳ ದೃಷ್ಟಿಯಿಂದ ಈ ಮೂರರ ಲೆಕ್ಕ ಮೊದಲು ಬೇಕು. ನಿಮ್ಮ ಮೊದಲ ವರದಿಯಲ್ಲಿ ಅವು ಇದ್ದಿರಬಹುದು, ಆದರೆ ಬ್ಯಾಕ್ಟೀರಿಯಾ ಪರೀಕ್ಷೆಗೆ ಕ್ರಿಮಿರಹಿತ ಬಾಟಲಿಯೇ ಬೇಕು. ಮಿನರಲ್ ವಾಟರ್ ಬಾಟಲಿಯಲ್ಲಿ ಕಳಿಸಿದ್ದರೆ ಆ ಅಂಕಿಗೂ ಬೆಲೆಯಿಲ್ಲ. ಹಣ ಮಿತವಾಗಿದೆ ಎಂದು ನೀವೇ ಹೇಳಿದ್ದೀರಿ.

ಉತ್ತರ: ಗಾಜಿನಶೀಶೆ

ಡಾಕ್ಟರರು ಹೇಳಿದ ಸರದಿಯನ್ನು ನಾನು ಒಪ್ಪುತ್ತೇನೆ. ಆದರೆ ಒಂದನ್ನು ಮಾಡಿದವರು ಇನ್ನೊಂದನ್ನು ಮಾಡಬಾರದು ಎಂದೇನಿಲ್ಲವಲ್ಲ. ಮೇಲಾಗಿ, ಅಳೆಯದೆ ಬಿಟ್ಟ ಕಡೆ ಭಯ ಬೆಳೆಯುತ್ತದೆ. ಇಲ್ಲಿ ಅದಾಗಲೇ ಅರ್ಧ ಕಟ್ಟಡ ಕ್ಯಾನಿನ ಕಡೆಗೆ ಹೊರಳಿದೆ. ಆ 8 ಎಂಬ ಅಂಕಿ ಎಲ್ಲಿಂದ ಬಂತೆಂದು ಹೇಳಿದರೆ ಅವರಿಗೆ ಸ್ವಲ್ಪ ನೆಮ್ಮದಿಯಾದೀತು. ವಿಶ್ವ ಆರೋಗ್ಯ ಸಂಸ್ಥೆ ಡಿಇಎಚ್‌ಪಿಗೆ ದಿನಕ್ಕೆ ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ 25 ಮೈಕ್ರೋಗ್ರಾಂ ಸಹ್ಯ ಎಂದು ಇಟ್ಟುಕೊಂಡಿತು. 60 ಕಿಲೋಗ್ರಾಂ ತೂಕದವರಿಗೆ ಅದು 1500 ಮೈಕ್ರೋಗ್ರಾಂ. ಈ ವಸ್ತು ಹೆಚ್ಚಾಗಿ ಮೈ ಸೇರುವುದು ಆಹಾರದಿಂದ, ಅದರಲ್ಲೂ ಜಿಡ್ಡಿನ ಪದಾರ್ಥಗಳಿಂದ. ಆದ್ದರಿಂದ ನೀರಿಗೆ ಅದರಲ್ಲಿ ಶೇಕಡಾ 1ರಷ್ಟು ಪಾಲನ್ನು ಮಾತ್ರ ಕೊಟ್ಟು, ದಿನಕ್ಕೆ 2 ಲೀಟರ್ ಕುಡಿಯುತ್ತಾರೆಂದು ಭಾಗಿಸಿ, ಬಂದ 7.5ನ್ನು 8 ಮಾಡಿದರು. ಎಂದರೆ 8 ದಾಟಿದೊಡನೆ ವಿಷ ಎಂಬ ಗೆರೆ ಅದಲ್ಲ. ನೀರು ತನ್ನ ಸಣ್ಣ ಪಾಲನ್ನು ಮೀರುತ್ತಿದೆ ಎಂಬ ಸೂಚನೆ. 11 ನಿಜವೇ ಆಗಿದ್ದರೂ ಮೂಲವನ್ನು ಹುಡುಕಿ ತೆಗೆಯಬೇಕು, ಅಷ್ಟೆ.

ಉತ್ತರ: ಸಂಪಿನಕಾವಲು

ಎಲ್ಲರಿಗೂ ಕೃತಜ್ಞತೆಗಳು. ಎರಡನೆಯ ವರದಿಯನ್ನು ಮತ್ತೆ ತೆಗೆದು ನೋಡಿದೆ. ಖಾಲಿ ಮಾದರಿಯ ಅಂಕಿ ಅದರಲ್ಲಿ ಇಲ್ಲ, ಬಿಸ್ಫಿನಾಲಿನ ಕನಿಷ್ಠ ಪ್ರಮಾಣದ ಜಾಗದಲ್ಲಿ 5 ಮೈಕ್ರೋಗ್ರಾಂ ಎಂದಿದೆ. ಇನ್ನೆರಡು ಸಂದೇಹಗಳು. ಕ್ಯಾನ್ ನೀರಿಗೆ ಹೋದವರಿಗೆ ನಾನು ಏನು ಹೇಳಬೇಕು? ಮನೆಮನೆಯಲ್ಲಿರುವ ಆರ್‌ಒ ಯಂತ್ರ ಈ ರಾಸಾಯನಿಕಗಳನ್ನು ತಡೆಯುತ್ತದೆಯೇ?

ಉತ್ತರ: ರೈನ್‌ತೀರ

ನಾನು ಜರ್ಮನಿಯಲ್ಲಿ ನೀರಿನ ವಿಶ್ಲೇಷಣೆಯ ಕೆಲಸದಲ್ಲಿರುವ ಮೈಸೂರಿನವನು. ಕ್ಯಾನಿನ ತಳವನ್ನು ತಿರುಗಿಸಿ ತ್ರಿಕೋನದೊಳಗಿನ ಅಂಕಿಯನ್ನು ನೋಡಲು ಹೇಳಿ. 1 ಎಂದಿದ್ದರೆ ಅದು ಪೆಟ್ ಎಂಬ ಪ್ಲಾಸ್ಟಿಕ್. 7 ಎಂದಿದ್ದು, ಕ್ಯಾನು ಗಾಜಿನಂತೆ ಗಟ್ಟಿಯಾಗಿ ನೀಲಿ ಛಾಯೆಯಲ್ಲಿದ್ದರೆ ಅದು ಬಹುಪಾಲು ಪಾಲಿಕಾರ್ಬೊನೇಟ್. ಪಾಲಿಕಾರ್ಬೊನೇಟನ್ನು ಕಟ್ಟಿರುವುದೇ ಬಿಸ್ಫಿನಾಲ್-ಎ ಅಣುಗಳಿಂದ. ಬಿಸಿಲು, ಬಿಸಿನೀರು, ಕ್ಯಾನು ತೊಳೆಯಲು ಬಳಸುವ ಕ್ಷಾರ, ಇವೆಲ್ಲ ಆ ಕಟ್ಟನ್ನು ಮೆಲ್ಲಗೆ ಬಿಚ್ಚುತ್ತವೆ. ಆದ್ದರಿಂದ ನಲ್ಲಿಯ ನೀರಿನಲ್ಲಿ ಬಿಸ್ಫಿನಾಲ್ ಇದ್ದೀತೆಂದು ಹೆದರಿ, ಗೀರುಬಿದ್ದ ಹಳೆಯ ಪಾಲಿಕಾರ್ಬೊನೇಟ್ ಕ್ಯಾನಿಗೆ ಹೋಗುವುದು ಮಳೆಗೆ ಹೆದರಿ ಹೊಳೆಗೆ ಇಳಿದಂತೆ. ಪೆಟ್‌ನಲ್ಲಿ ಬಿಸ್ಫಿನಾಲ್ ಇಲ್ಲ. ಅದರ ಪೂರ್ಣ ಹೆಸರಿನಲ್ಲಿ ಟೆರೆಫ್ಥಾಲೇಟ್ ಎಂಬ ಪದವಿರುವುದರಿಂದ ಹಲವರು ಅದನ್ನು ಮೆದುಗೊಳಿಸುವ ಥ್ಯಾಲೇಟೆಂದು ತಪ್ಪು ತಿಳಿಯುತ್ತಾರೆ. ಎರಡೂ ಬೇರೆ ಬೇರೆ. ಪೆಟ್ ತಯಾರಿಕೆಯಲ್ಲಿ ವೇಗವರ್ಧಕವಾಗಿ ಬಳಸಿದ ಆಂಟಿಮನಿ ಬಿಸಿಲಿಗೆ ಸ್ವಲ್ಪ ಸ್ವಲ್ಪವಾಗಿ ನೀರಿಗೆ ಇಳಿಯುತ್ತದೆ. ಲೋಹಗಳನ್ನು ಅಳೆಯುವ ಯಾವ ಪ್ರಯೋಗಾಲಯವಾದರೂ ಅದನ್ನು ಸೀಸದ ಜೊತೆಗೇ ಅಳೆದುಕೊಡಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಮೌಲ್ಯ ಲೀಟರಿಗೆ 20 ಮೈಕ್ರೋಗ್ರಾಂ.

ಬಿಸ್ಫಿನಾಲಿನ ಮಿತಿಯ ಬಗ್ಗೆ ಇಲ್ಲಿನ ಸ್ಥಿತಿಯನ್ನು ತಿಳಿಸುತ್ತೇನೆ, ಏಕೆಂದರೆ ಗಾಜಿನಶೀಶೆಯವರು ಹೇಳಿದ 0.75 ಇಲ್ಲಿನ ಮಿತಿಯಿಂದಲೇ ಬಂದದ್ದು. ಯುರೋಪ್ ಒಕ್ಕೂಟದ 2020ರ ನಿರ್ದೇಶನ ಕುಡಿಯುವ ನೀರಿನಲ್ಲಿ ಬಿಸ್ಫಿನಾಲ್-ಎಗೆ ಲೀಟರಿಗೆ 2.5 ಮೈಕ್ರೋಗ್ರಾಂ ಎಂದು ನಿಗದಿ ಮಾಡಿ, ಅದನ್ನು ಪಾಲಿಸಲು 2026ರ ಜನವರಿ 12ರ ಗಡುವು ಕೊಟ್ಟಿತು. ಅಷ್ಟರಲ್ಲಿ 2023ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಬಿಸ್ಫಿನಾಲಿನ ದಿನದ ಸಹ್ಯ ಪ್ರಮಾಣವನ್ನು ಪ್ರತಿ ಕಿಲೋಗ್ರಾಂ ತೂಕಕ್ಕೆ 4 ಮೈಕ್ರೋಗ್ರಾಂನಿಂದ 0.2 ನ್ಯಾನೋಗ್ರಾಂಗೆ, ಎಂದರೆ ಇಪ್ಪತ್ತು ಸಾವಿರದಲ್ಲಿ ಒಂದು ಪಾಲಿಗೆ, ಇಳಿಸಿತು. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಅದನ್ನು ಒಪ್ಪದೆ ತನ್ನದೇ ಲೆಕ್ಕದಲ್ಲಿ 200 ನ್ಯಾನೋಗ್ರಾಂ ಎಂದಿತು. ಪ್ರಾಧಿಕಾರದ ಲೆಕ್ಕ ಹಿಡಿದರೆ, ಮಿತಿಯೊಳಗೇ, ಲೀಟರಿಗೆ 2.5 ಮೈಕ್ರೋಗ್ರಾಂ ಇರುವ ನೀರನ್ನು ದಿನಕ್ಕೆರಡು ಲೀಟರ್ ಕುಡಿದ 60 ಕಿಲೋಗ್ರಾಂ ತೂಕದವರು ಸಹ್ಯ ಪ್ರಮಾಣಕ್ಕಿಂತ ನಾನೂರು ಪಟ್ಟಿಗೂ ಹೆಚ್ಚು ಕುಡಿದಂತಾಗುತ್ತದೆ! ವಿಜ್ಞಾನಿಗಳ ನಡುವೆಯೇ ಇಷ್ಟು ಅಂತರವಿರುವಾಗ ‘ಮಿತಿಯೊಳಗಿದೆ’ ಎಂಬ ಪದಕ್ಕಿಂತ ನಿಖರವಾದ ಅಂಕಿ ನಿಮ್ಮ ಕಡತದಲ್ಲಿರುವುದು ಲೇಸು. ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಬಿಸ್ಫಿನಾಲ್-ಎ ಬಳಕೆಯನ್ನು ಒಕ್ಕೂಟ 2024ರ ಡಿಸೆಂಬರ್‌ನಲ್ಲಿ ನಿಷೇಧಿಸಿತು. ಭಾರತದಲ್ಲಿ ಶಿಶುಗಳ ಹಾಲಿನ ಬಾಟಲಿಗಳಿಗೆ ಆ ನಿರ್ಬಂಧ ಅದಕ್ಕೂ ಮೊದಲೇ ಬಂದಿದೆ.

ಆರ್‌ಒ ಬಗ್ಗೆ: ಡಿಇಎಚ್‌ಪಿಯಂಥ ದೊಡ್ಡ ಅಣುವನ್ನು ಪೊರೆ ಚೆನ್ನಾಗಿ ತಡೆಯುತ್ತದೆ, ಬಿಸ್ಫಿನಾಲನ್ನೂ ಬಹುಮಟ್ಟಿಗೆ ತಡೆಯುತ್ತದೆ. ಅದರ ಜೊತೆಗಿರುವ ಇದ್ದಿಲಿನ ಕಾರ್ಟ್ರಿಜ್ ಇನ್ನೂ ಮುಖ್ಯ. ಡಿಇಎಚ್‌ಪಿಗೆ ಅಮೆರಿಕದ ಸಂಸ್ಥೆ ಸೂಚಿಸುವ ಚಿಕಿತ್ಸೆಯೂ ಸಣ್ಣ ಕಾಳುಗಳ ರೂಪದ ಸಕ್ರಿಯ ಇದ್ದಿಲೇ. ಆದರೆ ಕಾರ್ಟ್ರಿಜ್ಜನ್ನು ಹೇಳಿದ ಕಾಲಕ್ಕೆ ಬದಲಿಸಬೇಕು. ಇಷ್ಟೆಲ್ಲ ಶುದ್ಧಿಮಾಡಿದ ನೀರನ್ನು ಯಂತ್ರ ಮತ್ತೆ ಪ್ಲಾಸ್ಟಿಕ್ ತೊಟ್ಟಿಯಲ್ಲೇ ಶೇಖರಿಸುತ್ತದೆ ಎಂಬುದನ್ನೂ ಮರೆಯಬೇಡಿ. ಮಾದರಿ ತೆಗೆಯುವಾಗ ಯಂತ್ರದ ಮುಂಚಿನದನ್ನೂ ನಂತರದ್ದನ್ನೂ ಬೇರೆಯಾಗಿ ತೆಗೆಯಿರಿ.

ಉತ್ತರ: ಗಾಜಿನಶೀಶೆ

ಎಲ್ಲಿಂದ ತೆಗೆಯಬೇಕು ಎಂಬ ಪ್ರಶ್ನೆಗೆ ನಾನು ಉತ್ತರಿಸದೆ ಬಿಟ್ಟಿದ್ದೆ. ಹಾದಿಯ ಎರಡು ತುದಿಗಳನ್ನು ಮೊದಲು ನೋಡಿ: ಕಾವೇರಿ ನೀರು ಸಂಪಿಗೆ ಬೀಳುವ ಬಾಯಿ ಒಂದು, ದೂರು ಬಂದ ಮೇಲಿನ ಮಹಡಿಯ ಅಡುಗೆಮನೆಯ ನಲ್ಲಿ, ಬಿಸಿಲೇರಿದ ಮಧ್ಯಾಹ್ನ, ನೀರು ಬಿಡದೆ ಮೊದಲು ಬಂದದ್ದು ಇನ್ನೊಂದು. ಎರಡನೆಯದರಲ್ಲಿ ಏನೂ ಸಿಗದಿದ್ದರೆ ಸಂಪು, ಟ್ಯಾಂಕುಗಳನ್ನು ಪರೀಕ್ಷಿಸುವ ಖರ್ಚೇ ಉಳಿಯಿತು. ಸಿಕ್ಕಿದರೆ ಮಾತ್ರ ಮಧ್ಯದ ಜಾಗಗಳಿಗೆ ಹೋಗಿ. ಮೂರನೆಯದು ಖಾಲಿ ಮಾದರಿ. ಟ್ಯಾಂಕರ್ ಬಂದ ದಿನದ ಮಾದರಿಯನ್ನು ಬೇರೆಯಾಗಿಯೇ ಗುರುತಿಸಿ.

ಉತ್ತರ: ಸಂಪಿನಕಾವಲು

ಏಳು ವಾರಗಳ ಮೇಲೆ ಬರೆಯುತ್ತಿದ್ದೇನೆ. ಮೂರು ಪ್ರಯೋಗಾಲಯಗಳನ್ನು ಕೇಳಿದೆವು. ಖಾಲಿ ಮಾದರಿ ಎಂದೊಡನೆ ಎರಡರವರು ‘ಅದೆಲ್ಲ ನಮ್ಮ ಒಳಗಿನ ವಿಷಯ’ ಎಂದರು. ಮೂರನೆಯವರು ತಾವೇ ಗಾಜಿನ ಬಾಟಲಿಗಳನ್ನೂ ಮಂಜಿನ ಪೆಟ್ಟಿಗೆಯನ್ನೂ ಕಳಿಸಿಕೊಟ್ಟರು. ಕಾವೇರಿಯ ಬಾಯಿಯಲ್ಲಿ, ಏಳನೆಯ ಮಹಡಿಯ ನಲ್ಲಿಯಲ್ಲಿ, ಖಾಲಿ ಮಾದರಿಯಲ್ಲಿ, ಮೂರರಲ್ಲೂ ಡಿಇಎಚ್‌ಪಿ ಅವರ ಕನಿಷ್ಠ ಪ್ರಮಾಣವಾದ 1 ಮೈಕ್ರೋಗ್ರಾಂಗಿಂತ ಕಡಿಮೆ, ಬಿಸ್ಫಿನಾಲ್-ಎ 0.5ಕ್ಕಿಂತ ಕಡಿಮೆ. ಟ್ಯಾಂಕರಿನ ಹೋಸಿನಿಂದ ಮೊದಲು ಬಂದ ನೀರಿನಲ್ಲಿ ಮಾತ್ರ ಡಿಇಎಚ್‌ಪಿ 4 ಇತ್ತು. ಆ ಮೊದಲ ನೀರನ್ನು ಈಗ ಗಿಡಗಳಿಗೆ ಬಿಡಿಸುತ್ತಿದ್ದೇವೆ. ಟ್ಯಾಂಕುಗಳ ಮೇಲೆ ನೆರಳುಬಲೆ ಹಾಕಿಸಿದ ಮೇಲೆ ವಾಸನೆಯ ದೂರು ಬಂದಿಲ್ಲ. ಡಾಕ್ಟರರ ಪಟ್ಟಿಯಂತೆ ಕ್ಲೋರಿನ್ ನೋಡಿದಾಗ ಕೊನೆಯ ನಲ್ಲಿಯಲ್ಲಿ ಏನೂ ಉಳಿದಿರಲಿಲ್ಲ; ಸಂಪನ್ನು ತೊಳೆಸಿ ಅದನ್ನು ಸರಿಪಡಿಸಿದೆವು.

ಆದರೆ ಪೈಪುಮೇಸ್ತ್ರಿಯವರು ಸೇರಿಸಿದ ಸಾಲಿನಲ್ಲಿ ತೊಂದರೆ ಸಿಕ್ಕಿದೆ. ಬೆಳಗಿನ ಮೊದಲ ನೀರನ್ನು ಆರು ಮನೆಗಳಲ್ಲಿ ಸೀಸಕ್ಕೆ ಪರೀಕ್ಷಿಸಿದ್ದರಲ್ಲಿ, ಒಂದು ಮನೆಯಲ್ಲಿ ಲೀಟರಿಗೆ 14 ಮೈಕ್ರೋಗ್ರಾಂ ಬಂದಿದೆ. ಮಿತಿ 10. ಉಳಿದ ಐದರಲ್ಲಿ 3ಕ್ಕಿಂತ ಕಡಿಮೆ. ಪೈಪುಗಳೆಲ್ಲ ಒಂದೇ ಕಾಲದವು. ಕಟ್ಟಡದ ಪೈಪನ್ನೇ ಬದಲಿಸಬೇಕೆಂದು ಸಭೆಯಲ್ಲಿ ಈಗಾಗಲೇ ಕೂಗು ಎದ್ದಿದೆ.

ಉತ್ತರ: ಪೈಪುಮೇಸ್ತ್ರಿ

ಪೈಪಿಗೆ ಕೈಹಾಕಬೇಡಿ, ಕಾರ್ಯದರ್ಶಿಗಳೇ. ಒಂದೇ ಮನೆಯಲ್ಲಿ ಹೆಚ್ಚಿದೆ ಎಂದರೆ ನನ್ನ ಅನುಮಾನ ಆ ಮನೆಯ ಹಿತ್ತಾಳೆಯ ನಲ್ಲಿಯ ಮೇಲೆ. ಹಿತ್ತಾಳೆಯನ್ನು ಕಡೆಯಲು ಸುಲಭವಾಗಲೆಂದು ಅದಕ್ಕೂ ಸೀಸ ಬೆರೆಸುವುದುಂಟು. ಆ ಮನೆಯಲ್ಲಿ ರಾತ್ರಿ ಹತ್ತಕ್ಕೆ ನಲ್ಲಿ ಕಟ್ಟಿ, ಬೆಳಿಗ್ಗೆ ಐದಕ್ಕೆ ಮೊದಲ 250 ಮಿಲಿಲೀಟರನ್ನು ಒಂದು ಬಾಟಲಿಗೆ, ನಲ್ಲಿಯನ್ನು ನಿಲ್ಲಿಸದೆ ಅದರ ನಂತರ ಬರುವ ಒಂದು ಲೀಟರನ್ನು ಇನ್ನೊಂದಕ್ಕೆ ತುಂಬಿಸಿ. ಮೊದಲನೆಯದರಲ್ಲಷ್ಟೇ ಸೀಸ ಹೆಚ್ಚಿದ್ದರೆ ನಲ್ಲಿ ಬದಲಿಸಿದರೆ ಸಾಕು; ಎರಡನೆಯದರಲ್ಲೂ ಇದ್ದರೆ ಗೋಡೆಯೊಳಗಿನ ಜೋಡಣೆಗಳನ್ನು ನೋಡಬೇಕಾಗುತ್ತದೆ. ಇದಕ್ಕೆ ಗಾಜಿನ ಬಾಟಲಿ ಬೇಡ, ಲೋಹದ ಪರೀಕ್ಷೆಗೆಂದು ಅವರು ಕೊಡುವ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು. ಫಲಿತಾಂಶ ಬರುವವರೆಗೆ ಆ ಮನೆಯವರು ಬೆಳಗಿನ ಮೊದಲ ನೀರನ್ನು ಪಾತ್ರೆ ತೊಳೆಯಲು ಬಿಟ್ಟು, ನಲ್ಲಿ ಹರಿದು ನೀರು ತಣ್ಣಗಾದ ಮೇಲೆ ಕುಡಿಯಲು ಹಿಡಿಯಲಿ.